ಕೆಂಪಿ ಹಿಂದಿನ ಗೇಟಿನಿಂದ ಹೋದದ್ದು

ಗುಮ್ಮಳಾಪುರ
18 ಫೆಬ್ರವರಿ 2025, ಮಂಗಳವಾರ

ಸಂಗಾತಿ ಮುರಳಿಕೃಷ್ಣನಿಗೆ,

ಗುಲಾಬಿ ತೋಟದ ಕಂಪನಿಯವರು ಕೊಡುತ್ತೇವೆ ಅಂದದ್ದು: ಮೊಣಕೈ ತನಕ ಬರುವ ಗ್ಲೌಸು, ಆಳಿಗೆ ಎರಡು ಜೊತೆ. ಔಷಧಿ ಹೊಡೆದ ಷೆಡ್ಡಿಗೆ ನಾಲ್ಕು ಗಂಟೆ ಯಾರನ್ನೂ ಇಳಿಸುವುದಿಲ್ಲವೆಂಬ ಮಾತು. ಹೆಂಗಸರ ಕಕ್ಕಸಿಗೆ ಬಾಗಿಲು. ತಲೆ ಸುತ್ತಿ ಬಿದ್ದವರಿಗೆ ಡಾಕ್ಟರು.

ಕೊಟ್ಟದ್ದು: ಗ್ಲೌಸು ಬಂತು, ಹಾಕಿಸಿ ಫೋಟೋ ತೆಗೆದರು, ಸಂಜೆಗೆ ಬಿಚ್ಚಿಸಿಕೊಂಡರು. ನಾಲ್ಕು ಗಂಟೆ ಹೋಗಿ ನಲವತ್ತು ನಿಮಿಷವಾಯಿತು. ಪ್ರೇಮಿಗಳ ದಿನದ ಆರ್ಡರು ಬಂದ ಮೇಲೆ ಅದೂ ಇಲ್ಲ. ಕಕ್ಕಸಿಗೆ ಬಾಗಿಲು ಬಂತು, ಬಾಗಿಲಿಗೆ ಬೀಗ ಬಂತು, ಬೀಗದ ಕೈ ಮ್ಯಾನೇಜರ ಜೇಬಿನಲ್ಲಿದೆ. ಡಾಕ್ಟರು ಬರಲೇ ಇಲ್ಲ. ಜನವರಿ 28ರಂದು ಏಳನೇ ಷೆಡ್ಡಿನಲ್ಲಿ ನಮ್ಮ ಪಿಳ್ಳಮ್ಮ ಗುಲಾಬಿ ಸಾಲಿನ ನಡುವೆ ಕತ್ತರಿ ಹಿಡಿದುಕೊಂಡೇ ಬಿದ್ದಾಗ ಬಂದದ್ದು ಒಂದು ಲೋಟ ನಿಂಬೆಹಣ್ಣಿನ ನೀರು.

ನೀನು ಕೊಟ್ಟ ಮಾತೂ ಒಂದಿತ್ತು. ಹನ್ನೊಂದು ವರ್ಷದ ಕೆಳಗೆ, ನಮ್ಮ ಬೀದಿನಾಟಕದ ತಂಡ ಬಿಟ್ಟು ಚೆನ್ನೈಗೆ ಟೀವಿ ಕಾರ್ಟೂನು ಬರೆಯಲು ಹೊರಟಾಗ, ಬಸ್ಸಿನ ಕಿಟಕಿಯಿಂದ ಕೂಗಿ ಹೇಳಿದೆ: "ಅಕ್ಕಾ, ‘ಗೂಟದೂರಿ’ನಲ್ಲಿ ಕೆಂಪಿ ಮೇಕೆ ಐತಲ್ಲ, ಅದರ ಕೊಂಬು ಮುರಿಯೋಕೆ ನಾನು ಯಾರ್ಗೂ ಬಿಡಲ್ಲ." ಮೊನ್ನೆ ಭಾನುವಾರ ಹನ್ನೊಂದು ಗಂಟೆಗೆ ಬಂದ ಹೊಸ ಕಂತಿನಲ್ಲಿ ಅದನ್ನು ನೀನೇ ಮುರಿದೆ.

ಫೋನು ಮಾಡಬಹುದಿತ್ತು. ಆದರೆ ಸಂಘದ ನಿಯಮ ನೀನೂ ಬಲ್ಲೆ, ಬರೆದವರಲ್ಲಿ ನೀನೂ ಒಬ್ಬ. ಸಂಗಾತಿಯ ಮೇಲೆ ತಕರಾರಿದ್ದರೆ ಕಾಗದದಲ್ಲಿ ಬರೆಯಬೇಕು, ಸಭೆಯಲ್ಲಿ ಗಟ್ಟಿಯಾಗಿ ಓದಬೇಕು, ಆಮೇಲೆ ಅಂಚೆಗೆ ಹಾಕಬೇಕು. ಉತ್ತರ ಬಂದರೂ ಹಾಗೆಯೇ. ಆದ್ದರಿಂದ ಇದನ್ನು ಇಪ್ಪತ್ತೆರಡು ಹೆಂಗಸರ ಮುಂದೆ ಓದಿಯೇ ಕಳಿಸುತ್ತಿದ್ದೇನೆ.

ನಡೆದದ್ದು ಹೀಗೆ. ದೊಡ್ಡವೆಂಕಟಪ್ಪನವರ ಹಜಾರದಲ್ಲಿ ಎಲ್ಲರೂ ಟೀವಿ ಮುಂದೆ ಕೂತಿದ್ದೆವು. ಮುಳ್ಳುಗಳ್ಳಿ ತೋಟದಲ್ಲಿ ಕೂಲಿ ಮಾಡುವ ಮೇಕೆಗಳು ಗ್ಲೌಸು ಕೇಳುತ್ತವೆ. ಮಂಗ ಮ್ಯಾನೇಜರು ಟೇಪು ಹಿಡಿದು ಗೊರಸು ಅಳೆಯುತ್ತಾನೆ. ಗ್ಲೌಸು ಬರುತ್ತದೆ. ಹಾಕಿಕೊಳ್ಳುವುದು ಹೇಗೆಂದು ತಿಳಿಯದೆ ಮೇಕೆಗಳು ಅದನ್ನು ತಿಂದುಬಿಡುತ್ತವೆ. "ಬೇಡಿಕೆ ಈಡೇರಿತು, ಜೀರ್ಣವೂ ಆಯಿತು" ಎಂದು ಮಂಗ ಬೋರ್ಡು ಹಾಕುತ್ತಾನೆ. ನಾವು ನಕ್ಕೆವು. ಪಾಪಮ್ಮನಿಗೆ ಎಲೆಅಡಿಕೆ ಗಂಟಲಿಗೆ ಸಿಕ್ಕಿಕೊಂಡು ಬೆನ್ನು ಗುದ್ದಬೇಕಾಯಿತು.

ಆಮೇಲೆ ಕೆಂಪಿ, ಹದಿನಾರು ವರ್ಷದಿಂದ ಗೂಟ ಕೀಳುತ್ತಾ ಬಂದ ನಮ್ಮ ಕೆಂಪಿ, ಒಬ್ಬಳೇ ಸುತ್ತಿ ಬಳಸಿ ಹಿಂದಿನ ಗೇಟಿನಿಂದ ಆಫೀಸಿಗೆ ಹೋಗುತ್ತಾಳೆ. ಮಂಗ ಬಸಿಯಲ್ಲಿ ಟೀ ಕೊಡುತ್ತಾನೆ. ನೆಕ್ಕುತ್ತಾಳೆ. ಕಾಗದದ ಮೇಲೆ ಗೊರಸು ಒತ್ತುತ್ತಾಳೆ. ಹೊರಗೆ ಬಂದು ಮೇಕೆಗಳ ಮುಂದೆ ನಿಂತು, "ಹೋರಾಟ ಮುಂದುವರಿಯುತ್ತದೆ!" ಅನ್ನುತ್ತಾಳೆ. ಮುಗಿಯಿತು. ಪರದೆಯ ಮೇಲೆ ನಗುವಿನ ಸದ್ದು. ನಮ್ಮ ಹಜಾರದಲ್ಲಿ ಯಾರೂ ನಗಲಿಲ್ಲ.

ಮೊದಲು ಬಾಯಿ ಬಿಟ್ಟವಳು ಪಾಪಮ್ಮ. "ಅಲ್ಲ ಕಣಮ್ಮಿ, ಮೇಕೆಗೆ ಕೈ ಎಲ್ಲೈತೆ? ಅದುಕ್ಯಾಕೆ ಗ್ಲೌಸು?"

"ಅದು ಮೇಕೆ ಅಲ್ಲ ಪಾಪಕ್ಕ, ನಾವು," ಎಂದಳು ಸರಿತಾ. ಅವಳು ನಮ್ಮ ಪೈಕಿ ಕಾಲೇಜು ಮೆಟ್ಟಿಲು ಹತ್ತಿದವಳು.

"ನಾವಾದ್ರೆ ನಮ್ಗೆ ಕೈ ಐತಲ್ಲ!"

"ನಮ್ಮನ್ನ ಗೇಲಿ ಮಾಡವ್ರೋ, ಮ್ಯಾನೇಜರ್‌ನೋ?" ಎಂದಳು ಪಿಳ್ಳಮ್ಮ. ಯಾರಿಗೂ ತಿಳಿಯಲಿಲ್ಲ. ಸರಿತಾ ಮ್ಯಾನೇಜರನ್ನು ಅಂದಳು. ಇಬ್ಬರು ನಮ್ಮನ್ನೇ ಅಂದರು. ಆಗ ದೊಡ್ಡವೆಂಕಟಪ್ಪ ಕುರ್ಚಿಯಿಂದ ಎದ್ದು ಒಂದು ಮಾತು ಹಾಕಿದರು:

"ಹದಿನಾರು ವರ್ಸದಿಂದ ನೋಡ್ತಾ ಇವ್ನಿ. ನಮ್ಮ್ ಮುರಳಿ ಬರ್ಯೋಕೆ ಹೋದ್ಮೇಲೆ ಅದ್ರಲ್ಲಿ ಬಂದಿದ್ದೆಲ್ಲ ಈ ಊರಿಂದೇ. ಬಸ್ ಸ್ಟಾಪು ಬಿದ್ದಿದ್ದು ಬಂತು, ನೀರಿನ ಟ್ಯಾಂಕಲ್ಲಿ ಓತಿಕ್ಯಾತ ಸತ್ತಿದ್ದು ಬಂತು. ಒಂದ್ ದಿನಾನೂ ಸುಳ್ಳು ತೋರ್ಸಿಲ್ಲ. ಹಂಗಾದ್ರೆ ಹಿಂದ್ಲ ಗೇಟಿಂದ ಹೋದೋಳು ಯಾರು?"

ಆವತ್ತಿನಿಂದ ಈ ಸಂಘದಲ್ಲಿ ಒಬ್ಬರ ಮುಖವನ್ನು ಒಬ್ಬರು ನೋಡುವ ರೀತಿಯೇ ಬದಲಾಗಿದೆ. ಮಾರ್ಚಿ 19ಕ್ಕೆ ಲೇಬರ್ ಆಫೀಸರ ಮುಂದೆ ವಿಚಾರಣೆ. ನಮ್ಮ ಕೇಸು ನಿಂತಿರುವುದು ಪಿಳ್ಳಮ್ಮ ಔಷಧಿ ಗಾಳಿಗೆ ಬಿದ್ದಳು ಎಂಬ ಒಂದು ಕಂಬದ ಮೇಲೆ, ಮತ್ತು ನಾವು ಇಪ್ಪತ್ತಮೂರೂ ಜನ ಒಂದೇ ಬಾಯಿ ಎಂಬ ಇನ್ನೊಂದು ಕಂಬದ ಮೇಲೆ. ಎರಡನೆಯದನ್ನು ನಿನ್ನ ಮೇಕೆ ತಿನ್ನುತ್ತಿದೆ.

ಇದರ ಅರ್ಥವೇನು? ಉತ್ತರ ಬರೆ.

ಶಶಿಕಲಾ
ಕಾರ್ಯದರ್ಶಿ, ಗುಲಾಬಿ ತೋಟದ ಹೆಣ್ಣಾಳುಗಳ ಸಂಘ

ಮುರಳಿ, ಈ ಚೀಟಿ ಸಭೆಯಲ್ಲಿ ಓದಿದ್ದಲ್ಲ. ಒಳಗೆ ಮಡಚಿ ಇಡುತ್ತಿದ್ದೇನೆ. ನಿಯಮ ಮುರಿದಿದ್ದೇನೆ, ಗೊತ್ತು.

ಯಾರು ಹೇಳಿದರು ನಿನಗೆ? ಜನವರಿ 30, ಗುರುವಾರ, ಮಧ್ಯಾಹ್ನ. ಗೇಟು, ಟೀ, ಕಾಗದ, ಒಂದನ್ನೂ ಬಿಟ್ಟಿಲ್ಲ ನೀನು. ಬಸಿಯ ಅಂಚು ಒಡೆದದ್ದನ್ನು ಕೂಡ ತೋರಿಸಿದ್ದೀಯ. ನಾನು ಒಳಗೆ ಹೋಗುವುದನ್ನು ನೋಡಿದವನು ಒಬ್ಬನೇ, ನಮ್ಮನ್ನು ಕೆಲಸಕ್ಕೆ ಕರೆದೊಯ್ಯುವ, ಹೂವನ್ನೂ ಸಾಗಿಸುವ ವ್ಯಾನಿನ ರಾಮು. ಅವನೇ ತಾನೆ? ಹೌದೋ ಅಲ್ಲವೋ ಅಷ್ಟು ಬರೆ.

ಶಶಿ

ಚೆನ್ನೈ
24 ಫೆಬ್ರವರಿ 2025, ಸೋಮವಾರ

ಅಕ್ಕಾ,

ನಿನ್ನ ಕಾಗದ ಓದಿ ಅರ್ಧ ದಿನ ನಕ್ಕೆ, ಉಳಿದ ದಿನವೆಲ್ಲ ತಲೆ ಕೆರೆದುಕೊಂಡೆ. ಪಾಪಕ್ಕನನ್ನು ಇಲ್ಲಿಗೆ ಕಳಿಸಿಕೊಡು, ನಮ್ಮ ಬರಹದ ಕೋಣೆಯಲ್ಲಿ ಕೂರಿಸುತ್ತೇನೆ. "ನಾವಾದ್ರೆ ನಮ್ಗೆ ಕೈ ಐತಲ್ಲ" ಎಂಬ ಮಾತನ್ನು ಇಲ್ಲಿ ಆರು ಜನ ಕೂತು ಒಂದು ವಾರ ತಿಣುಕಿದರೂ ಬರೆಯಲಾರೆವು.

ನಿಮಗೆ ನೋವಾದದ್ದು ಗ್ಲೌಸು ತಿಂದದ್ದಕ್ಕೆ ಎಂದು ಊಹಿಸುತ್ತೇನೆ. ನಿಮ್ಮ ಬೇಡಿಕೆಯನ್ನು ಮೇಕೆಯ ಬಾಯಿಗೆ ಹಾಕಿದೆ, ನಿಜ. ಆದರೆ ಆ ಕಥೆ ಕೊಟ್ಟವಳು ನೀನೇ, ಕಳೆದ ಯುಗಾದಿಗೆ ಫೋನು ಮಾಡಿದಾಗ. "ಗ್ಲೌಸು ಕೇಳಿದ್ರೆ ನಗ್ತಾರೆ ಕಣ್ಲಾ, ಮೇಕೆ ಪ್ಯಾಂಟು ಕೇಳ್ದಂಗೆ ನೋಡ್ತಾರೆ" ಅಂದಿದ್ದೆ. ಅಲ್ಲಿಂದ ಹುಟ್ಟಿದ್ದು. ಬರೆದು ಜೂನ್ ಎರಡನೇ ವಾರ ಕೊಟ್ಟೆ. ಬೊಂಬೆ ಬರೆದು, ಬಣ್ಣ ಹಾಕಿ, ತಮಿಳಿನಲ್ಲಿ ಮಾತಾಡಿಸಿ, ಕನ್ನಡಕ್ಕೂ ತೆಲುಗಿಗೂ ದನಿ ಕೂಡಿಸುವ ಹೊತ್ತಿಗೆ ಒಂದು ಕಂತಿಗೆ ಎಂಟು ತಿಂಗಳು ಹಿಡಿಯುತ್ತದೆ. ನಾವು ತೋರಿಸುವ ಸುದ್ದಿ ಯಾವಾಗಲೂ ಹಳಸಿದ ಸುದ್ದಿ. ದೊಡ್ಡವೆಂಕಟಪ್ಪನವರಿಗೆ ಹೇಳು: ಬಸ್ ಸ್ಟಾಪು ಬಿದ್ದು ವರ್ಷವಾದ ಮೇಲೆ ನಾನು ಬೀಳಿಸಿದ್ದು!

ಇನ್ನು ಕೆಂಪಿ. ಎಲ್ಲರನ್ನೂ ಗೇಲಿ ಮಾಡಿದರೆ ಅದು ವಿಡಂಬನೆ. ನಮ್ಮವರನ್ನು ಬಿಟ್ಟು ಮಾಡಿದರೆ ಅದು ಕರಪತ್ರ. ಹಿಂದಿನ ಗೇಟು ಇಲ್ಲದ ಕಂಪನಿ ಎಲ್ಲಿದೆ? ಕುಂಬಳಕಾಯಿ ಕಳ್ಳ ಅಂದರೆ ಮ್ಯಾನೇಜರು ಹೆಗಲು ಮುಟ್ಟಿ ನೋಡಿಕೊಳ್ಳಲಿ ಎಂದು ಬರೆದೆ. ಅಷ್ಟೇ. ಬಸಿ ನಮ್ಮ ಸ್ಟುಡಿಯೋದ್ದು. ಅಂಚು ಒಡೆದು ಎರಡು ವರ್ಷವಾಯಿತು, ಬೊಂಬೆ ಬರೆಯುವ ಹುಡುಗಿ ಕಂಡದ್ದನ್ನು ಬರೆದಳು.

ನಿನ್ನ ಚೀಟಿಯನ್ನು ನಾಲ್ಕು ಸಲ ಓದಿದೆ, ತಲೆಬುಡ ಹತ್ತಲಿಲ್ಲ. ಯಾವ ರಾಮು? ಅವನ ನಂಬರು ಕೂಡ ನನ್ನಲ್ಲಿಲ್ಲ. ಹೂವಿನ ವ್ಯಾನು ನಿಲ್ಲುವುದು ಹಿಂದಿನ ಗೇಟಿನಲ್ಲೇ ತಾನೆ, ನೀನು ಅಲ್ಲಿಗೆ ಹೋದದ್ದರಲ್ಲಿ ಏನಿದೆ? ಬೇಸಿಗೆ ಶುರುವಾಯಿತು, ನೀರು ಕುಡಿ.

ನಿನ್ನ
ಮುರಳಿ

ಗುಮ್ಮಳಾಪುರ
25 ಫೆಬ್ರವರಿ 2025, ಮಂಗಳವಾರ

ಸಂಗಾತಿ ಮುರಳಿಕೃಷ್ಣನಿಗೆ,

ನಿನ್ನ ಉತ್ತರ ಬಂದಿಲ್ಲ. ನಾವು ಕಾಯಲಿಲ್ಲ. ಕಾಯುವ ಹೊತ್ತಲ್ಲ ಇದು.

ಭಾನುವಾರದ ಸಭೆಯಲ್ಲಿ ತೀರ್ಮಾನವಾದದ್ದನ್ನು ತಿಳಿಸುತ್ತಿದ್ದೇನೆ. ಸಂಘದವರು ಹಿಂದಿನ ಗೇಟಿನಿಂದ ಹೋಗುತ್ತಾರೆಂಬ ಸುಳ್ಳು ಕಟ್ಟಿ ನಿನಗೆ ಮುಟ್ಟಿಸಿದವನು ವ್ಯಾನಿನ ರಾಮು. ದಿನಕ್ಕೆ ನಾಲ್ಕು ಸಲ ಆ ಗೇಟಿನಲ್ಲಿ ನಿಲ್ಲುವವನು ಅವನೊಬ್ಬನೇ. ಬೇರೆ ಯಾರಿಗೆ ಸಾಧ್ಯ? ನಾನೇ ಎದ್ದು ಹೇಳಿದೆ. ಅವನ ವ್ಯಾನು ನಮಗೆ ಬೇಡವೆಂದು ಕೈ ಎತ್ತಿಸಿದೆವು. ಹದಿನೇಳು ಕೈ ಎದ್ದವು. ಪಿಳ್ಳಮ್ಮ ಎತ್ತಲಿಲ್ಲ, ಪಾಪಮ್ಮ ಯಾವುದಕ್ಕೆ ಎತ್ತುತ್ತಿದ್ದೇವೆಂದು ಕೇಳುತ್ತಲೇ ಇದ್ದಳು.

ರಾಮು ಬಾಗಿಲ ಬಳಿ ನಿಂತಿದ್ದ. "ನಾನು ಯಾರ್ಗೂ ಹೇಳಿಲ್ಲಕ್ಕ," ಅಂದ.

"ಏನ್ ಹೇಳಿಲ್ಲ?" ಎಂದಳು ಸರಿತಾ. ಅವಳ ಬುದ್ಧಿ ಎಲ್ಲದರ ಬಾಲವನ್ನೂ ಹಿಡಿಯುತ್ತದೆ.

ಅವನು ನನ್ನ ಕಡೆ ನೋಡಿದ. "ಏನೂ ಹೇಳಿಲ್ಲ," ಅಂದ.

"ಹೇಳೋ ಅಂಥದ್ದು ಏನೋ ಐತೆ ಅಂತಾಯ್ತು."

"ಏನೂ ಇಲ್ಲಮ್ಮ. ಬತ್ತೀನಿ."

ವ್ಯಾನಿನ ಕನ್ನಡಿಗೆ ಕಟ್ಟಿದ್ದ ಸಂಘದ ಕೆಂಪು ಬಟ್ಟೆಯನ್ನು ಬಿಚ್ಚಿ, ನಾಲ್ಕು ಮಡಿಕೆ ಮಡಚಿ, ನನ್ನ ಕೈಗೇ ಕೊಟ್ಟು ಹೊರಟುಹೋದ. ಈಗ ಅವಲಪಲ್ಲಿ ಕಡೆ ಯಾವುದೋ ಫ್ಯಾಕ್ಟರಿಗೆ ಆಳು ಸಾಗಿಸುತ್ತಿದ್ದಾನಂತೆ. ನಾವು ಬೆಳಗ್ಗೆ ಎರಡು ಮೈಲಿ ನಡೆದು ಹೋಗುತ್ತಿದ್ದೇವೆ. ನಡೆಯುತ್ತೇವೆ. ಹೋರಾಟದಲ್ಲಿ ಒಳಗಿನ ಮುಳ್ಳು ಕೀಳದೆ ಹೊರಗಿನ ಮುಳ್ಳಿಗೆ ಕೈ ಹಾಕಬಾರದು. ಹಾಗೆಂದು ನಮಗೆ ಕಲಿಸಿಕೊಟ್ಟ ತಂಡದಲ್ಲೇ ನೀನೂ ಕಲಿತವನು.

ಶಶಿಕಲಾ
ಕಾರ್ಯದರ್ಶಿ

ಚೆನ್ನೈ
1 ಮಾರ್ಚಿ 2025, ಶನಿವಾರ

ಅಕ್ಕಾ,

ಇದೆಂಥದು? ನನ್ನ ಕಾಗದ 24ಕ್ಕೆ ಹಾಕಿದ್ದು. ನಿನ್ನದು 25ರದ್ದು. ದಾರಿಯಲ್ಲಿ ಒಂದನ್ನೊಂದು ದಾಟಿಕೊಂಡು ಹೋಗಿವೆ. ಫೋನು ಮಾಡಿದೆ, ಮೂರು ಸಲ. ನೀನು ಎತ್ತಲಿಲ್ಲ. ನಿಯಮ ಅಂದರೆ ನಿಯಮವೇ ಇರಬೇಕು.

ಆದ್ದರಿಂದ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ, ಸಭೆಯಲ್ಲಿ ಓದು. ರಾಮು ನನಗೆ ಏನನ್ನೂ ಹೇಳಿಲ್ಲ. ಯಾರೂ ಹೇಳಿಲ್ಲ. ಕಂತು ಜೂನ್ ತಿಂಗಳಲ್ಲಿ ಬರೆದದ್ದು. ಜೂನ್‌ನಲ್ಲಿ ಪಿಳ್ಳಕ್ಕ ಬಿದ್ದಿರಲಿಲ್ಲ, ನಿಮ್ಮ ಅರ್ಜಿಯೂ ಲೇಬರ್ ಆಫೀಸು ಸೇರಿರಲಿಲ್ಲ. ಜನವರಿ 30ರಂದು ನಿಮ್ಮ ಹಿಂದಿನ ಗೇಟಿನಲ್ಲಿ ಏನಾಯಿತು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಗೊತ್ತಿರುವವಳು ನೀನು. ನಿನ್ನ ಚೀಟಿಯನ್ನು ಮತ್ತೆ ತೆಗೆದು ಓದಿದೆ. ಮೊದಲ ನಾಲ್ಕು ಸಲ ನಾನು ಓದಿದ್ದೇನು ಅಂತ ಈಗ ನನಗೇ ಆಶ್ಚರ್ಯ.

ಅಕ್ಕಾ, ಏನು ಕಾಗದ ಅದು?

ಮುರಳಿ

ಗುಮ್ಮಳಾಪುರ
5 ಮಾರ್ಚಿ 2025, ಬುಧವಾರ

ಮುರಳಿ,

ನಿನ್ನ ಎರಡೂ ಕಾಗದ ಸೋಮವಾರ ಒಟ್ಟಿಗೆ ಬಂದವು. ಪೋಸ್ಟಿನವನು ಸರಿತಾ ಕೈಗೆ ಕೊಡುವುದರಲ್ಲಿದ್ದ, ಓಡಿಹೋಗಿ ಇಸಿದುಕೊಂಡೆ. ಇನ್ನೂ ಓದಿ ಹೇಳಿಲ್ಲ. "ಉತ್ತರ ಬಂತಾ?" ಎಂದು ದಿನಾ ಕೇಳುತ್ತಿದ್ದಾರೆ. ಬಂದಿಲ್ಲ ಅನ್ನುತ್ತಿದ್ದೇನೆ. ಒಂದು ಸುಳ್ಳಿಗೆ ಕಾವಲು ನಿಲ್ಲಲು ಇನ್ನೆಷ್ಟು ಸುಳ್ಳು ಬೇಕೋ ತಿಳಿಯದು.

ಕೇಳು. ಪಿಳ್ಳಮ್ಮ ಬಿದ್ದ ಎರಡು ದಿನಕ್ಕೆ ಮ್ಯಾನೇಜರು ನನ್ನೊಬ್ಬಳನ್ನೇ ಕರೆಸಿದ. "ಮುಂದಿನ ಗೇಟಿಂದ ಬೇಡ, ನಾಲ್ಕು ಜನ ನೋಡ್ತಾರೆ," ಎಂದು ಹೇಳಿಕಳಿಸಿದ್ದ. ಅಲ್ಲೇ ತಿರುಗಿ ಬರಬೇಕಿತ್ತು. ಹೋದೆ. ರಾಮು ವ್ಯಾನು ಒರೆಸುತ್ತಿದ್ದ. ನನ್ನನ್ನು ನೋಡಿ ಒಂದು ಮಾತೂ ಕೇಳಲಿಲ್ಲ. "ಮೆಟ್ಲು ಒದ್ದೆ ಐತೆ, ಹುಷಾರಕ್ಕ," ಅಂದ ಅಷ್ಟೇ.

"ವಯಸ್ಸಾದ ಆಳು, ಬಿದ್ದು ಸತ್ತರೆ ನಮ್ಮ ತಲೆಗೆ ಬರುತ್ತೆ, ನಾಳೆಯಿಂದ ಬೇಡ," ಅಂದ ಮ್ಯಾನೇಜರು. ಪಿಳ್ಳಮ್ಮ ಆ ತೋಟದಲ್ಲಿ ಹದಿನಾಲ್ಕು ವರ್ಷ ಹೂ ಕೊಯ್ದವಳು. ಐದೆಲೆ ಬಿಟ್ಟು ಎಲ್ಲಿ ಕತ್ತರಿಸಬೇಕೆಂದು ನನ್ನ ಬೆರಳು ಹಿಡಿದು ಕಲಿಸಿದವಳು. ನಾನು ಕಿರುಚಾಡಿದೆ. ಅವನು ಟೀ ತರಿಸಿದ. ಆಮೇಲೆ ಕಾಗದ ಮುಂದಿಟ್ಟ. "ಇದಕ್ಕೆ ಸೆಕ್ರೆಟರಿ ಅಂತ ಒಂದು ಸೈನು ಹಾಕಮ್ಮ, ಆಕೇನ ಕಟ್ಟು ಕಟ್ಟೋ ಟೇಬಲ್ಲಿಗೆ ಹಾಕ್ತೀನಿ. ಕೂತು ಮಾಡೋ ಕೆಲಸ. ಔಷಧಿ ಗಾಳಿ ಇಲ್ಲ."

ನಮ್ಮದು ತಮಿಳುನಾಡಿನ ಗಡಿ, ಕಾಗದ ತಮಿಳಿನಲ್ಲಿತ್ತು. ಎಳೆದೆಳೆದು ಓದಿದೆ. "ಪಿಳ್ಳಮ್ಮ ಎಂಬಾಕೆ ಅಂದು ಉಪವಾಸವಿದ್ದು, ಆ ಕಾರಣ ತಲೆಸುತ್ತಿ ಬಿದ್ದರು" ಎಂದಿತ್ತು. ಅರ್ಥವಾಗಲಿಲ್ಲ ಎಂದು ಹೇಳಿಕೊಳ್ಳುವ ಹಾಗಿಲ್ಲ. ಅರ್ಥವಾಗಿತ್ತು. ಹಾಕಿದೆ. ಒಂದು ಜೀವ ಆ ಷೆಡ್ಡಿನಿಂದ ಹೊರಗೆ ಬರುತ್ತದಲ್ಲ, ಅಷ್ಟೇ ಆ ಹೊತ್ತಿಗೆ ಕಂಡದ್ದು. ಅದೇ ಕಾಗದ 19ನೇ ತಾರೀಕು ಲೇಬರ್ ಆಫೀಸರ ಮೇಜಿನ ಮೇಲೆ ಬರುತ್ತದೆಂದು ಮನೆಗೆ ಬಂದು ಕಾಲು ತೊಳೆಯುವಾಗ ಹೊಳೆಯಿತು.

ಪಿಳ್ಳಮ್ಮನಿಗೆ ಟೇಬಲ್ ಕೆಲಸ ಸಿಕ್ಕಿತು. ಸಂಘದ ಗೆಲುವು ಅಂದುಕೊಂಡಳು. ಒಂದು ಮಡಿಲು ಅವರೆಕಾಯಿ ತಂದು ನನ್ನ ಅಡುಗೆಮನೆಯಲ್ಲಿ ಸುರಿದು ಹೋದಳು. ಬಿಡಿಸಲಾಗದೆ ಹಾಗೇ ಒಣಗಿದವು.

ನೀನು ಮ್ಯಾನೇಜರಿಗೆಂದು ಬರೆದ ಗಾದೆ. ಹೆಗಲು ಮುಟ್ಟಿ ನೋಡಿಕೊಂಡವಳು ನಾನು. ಟೀವಿಯಲ್ಲಿ ಒಂದು ಮೇಕೆ ಟೀ ನೆಕ್ಕಿದರೆ ಇಪ್ಪತ್ತಮೂರು ಜನರಲ್ಲಿ ಒಬ್ಬಳಿಗೆ ಮಾತ್ರ ನಾಲಿಗೆ ಸುಟ್ಟಿತು. ನನ್ನ ಭಯಕ್ಕೆ ಒಂದು ಹೆಸರು ಬೇಕಿತ್ತು, ರಾಮುವಿನ ಹೆಸರು ಕೊಟ್ಟೆ. ಅವನು ನಿಜವಾಗಿ ನೋಡಿದ್ದ. ಎಲ್ಲರ ಮುಂದೆ ಒಂದು ಮಾತು ಆಡಿದ್ದರೆ ಅವನು ಉಳಿಯುತ್ತಿದ್ದ, ನಾನು ಹೋಗುತ್ತಿದ್ದೆ. "ಏನೂ ಇಲ್ಲಮ್ಮ" ಅಂದ. ಮುರಳಿ, ಅವನು ಯಾಕೆ ಹಾಗಂದ? ನನ್ನನ್ನು ಉಳಿಸಲಿಕ್ಕೋ, ಸಂಘವನ್ನೋ, ಇಲ್ಲಾ ನನ್ನ ಮುಖ ನೋಡಿ ಅಸಹ್ಯವಾಯಿತೋ? ಹತ್ತು ದಿನದಿಂದ ಇದೊಂದು ತಿಳಿಯುತ್ತಿಲ್ಲ.

ಹೇಳಿದರೆ ವಿಚಾರಣೆಗೆ ಮುಂಚೆಯೇ ಸಂಘ ಒಡೆಯುತ್ತದೆ. ಹೇಳದಿದ್ದರೆ ಆಫೀಸರ ಮುಂದೆ ಒಡೆಯುತ್ತದೆ. ಸಭೆ ಭಾನುವಾರ.

ಶಶಿ

ಚೆನ್ನೈ
8 ಮಾರ್ಚಿ 2025, ಶನಿವಾರ

ಅಕ್ಕಾ,

ಹೇಳಬೇಡ. ಹತ್ತು ದಿನ ತಡೆದುಕೋ. ವಿಚಾರಣೆ ಮುಗಿಯಲಿ, ಆ ಕಾಗದ ಹೊರಗೆ ಬಾರದೆಯೂ ಇರಬಹುದು, ಬಂದರೆ ಬಲವಂತದಿಂದ ಸೈನು ಹಾಕಿಸಿಕೊಂಡರು ಅನ್ನಬಹುದು. ಇದು ನನ್ನ ಸಲಹೆ. ಆದರೆ ಸಲಹೆ ಕೊಡುವವನು ಯಾರೆಂದು ಕೂಡ ನಿನಗೆ ತಿಳಿದಿರಬೇಕು.

ಮೊದಲ ಕಾಗದದಲ್ಲಿ ವಿಡಂಬನೆ, ಕರಪತ್ರ ಎಂದೆಲ್ಲ ಬರೆದೆನಲ್ಲ, ಅದು ಇಲ್ಲಿ ಎಲ್ಲರಿಗೂ ಹೇಳಿ ರೂಢಿಯಾದ ಮಾತು. ನಡೆದದ್ದು ಬೇರೆ. ಹೋದ ಮೇ ತಿಂಗಳಲ್ಲಿ ಚಾನೆಲ್ಲಿನವರು ಕರೆದು, ಕೆಂಪಿಯನ್ನು ಈ ವರ್ಷ ಮುಗಿಸಿಬಿಡಿ ಅಂದರು. "ಆ ಮೇಕೆ ಯಾವಾಗ ನೋಡಿದರೂ ಗೂಟ ಕೀಳುತ್ತೆ, ಅದಕ್ಕೊಂದು ಕಳಂಕವೇ ಇಲ್ಲ, ಜನಕ್ಕೆ ಬೇಜಾರು," ಅಂದರು. ಮೂರು ದಿನ ಜಗಳವಾಡಿದೆ. ನಾಲ್ಕನೇ ದಿನ ನಾನೇ ಹೋಗಿ ಹೇಳಿದೆ: ಕೊಲ್ಲಬೇಡಿ, ಬೇಕಾದರೆ ಒಂದು ಸಲ ಹಿಂದಿನ ಗೇಟಿನಿಂದ ಕಳಿಸುತ್ತೇನೆ. ಖುಷಿಯಾಯಿತು ಅವರಿಗೆ. ನಮ್ಮ ಸ್ಟುಡಿಯೋದಿಂದಲೇ ಟೀ ತರಿಸಿದರು. ಅದೇ ಅಂಚು ಒಡೆದ ಬಸಿ.

ಸತ್ತು ಶುದ್ಧವಾಗಿರುವುದಕ್ಕಿಂತ ಮೈಲಿಗೆಯಾಗಿ ಬದುಕಲಿ ಅಂದುಕೊಂಡೆ. ನೀನು ಪಿಳ್ಳಕ್ಕನ ವಿಷಯದಲ್ಲಿ ಅಂದುಕೊಂಡಂತೆಯೇ. ನನ್ನದು ಬಣ್ಣದ ಮೇಕೆ, ನಿನ್ನದು ಉಸಿರಾಡುವ ಹೆಂಗಸು. ಎರಡನ್ನೂ ಒಂದೇ ತಕ್ಕಡಿಗೆ ಹಾಕುವಷ್ಟು ನಾಚಿಕೆಗೆಟ್ಟವನಲ್ಲ ನಾನು. ಆದರೆ ಆ ಕಂತು ಬಂದ ದಿನ ಇಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು, ನನಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ನಿಮ್ಮ ಹಜಾರದಲ್ಲಿ ಕೂತವರಿಗೂ ತಿಳಿಯಲಿಲ್ಲ ಅಂತ ನೀನು ಬರೆದಿದ್ದೆ. ಬರೆದವನಿಗೇ ಗೊತ್ತಿಲ್ಲದ್ದು ನೋಡಿದವರಿಗೆ ಎಲ್ಲಿಂದ ಗೊತ್ತಾಗಬೇಕು?

ಕಂತು ಜೂನಿನದು ಎಂದು ಚಾನೆಲ್ಲಿನ ಕಾಗದದ ಮೇಲೆ ಸೀಲು ಹಾಕಿಸಿ ಇದರ ಜೊತೆ ಇಟ್ಟಿದ್ದೇನೆ. ರಾಮುವಿಗಾಗಿ ನಾನು ಮಾಡಬಹುದಾದ್ದು ಅಷ್ಟೇ.

ಹೇಳಬೇಡ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕೋಣ ಅನಿಸುತ್ತಿದೆ. ಹೊಡೆದುಹಾಕಿಲ್ಲ. ನನಗೆ ತಿಳಿಯುತ್ತಿಲ್ಲ ಅಕ್ಕಾ.

ಮುರಳಿ

ಗುಮ್ಮಳಾಪುರ
11 ಮಾರ್ಚಿ 2025, ಮಂಗಳವಾರ

ಸಂಗಾತಿ ಮುರಳಿಕೃಷ್ಣನಿಗೆ,

ನಿನ್ನ ಕಾಗದ ಇವತ್ತು ಬಂತು. ಸಭೆ ಮೊನ್ನೆಯೇ ಮುಗಿಯಿತು. ಈ ಸಲವೂ ನಿನ್ನ ಮಾತು ತಡವಾಗಿ ಬಂತು. ಒಳ್ಳೆಯದೇ ಆಯಿತು.

ಹೇಳಿದೆ. ನಿನ್ನ ಮೊದಲ ಎರಡು ಕಾಗದ ಓದಿದೆ, ನನ್ನ ಚೀಟಿಯ ಮಾತುಗಳನ್ನು ನೆನಪಿನಿಂದ ಹೇಳಿದೆ, ಗೇಟು, ಟೀ, ಸೈನು ಎಲ್ಲ ಹೇಳಿದೆ. ರಾಮು ಕೊಟ್ಟ ಕೆಂಪು ಬಟ್ಟೆ ಮುಂದಿಟ್ಟೆ. ಬೈಯುತ್ತಾರೆ, ಎದ್ದು ಹೋಗುತ್ತಾರೆ ಅಂದುಕೊಂಡಿದ್ದೆ. ಪಿಳ್ಳಮ್ಮ ಎದ್ದಳು. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನನ್ನೆದುರಿಗೇ ಬಂದು ನಿಂತಳು.

"ಏನಂತ ಬರ್ದವ್ನೆ ಅದ್ರಲ್ಲಿ? ಇನ್ನೊಂದ್ಸಲ ಹೇಳು."

"ಉಪವಾಸ ಇದ್ದೆ ಅಂತ, ಪಿಳ್ಳಕ್ಕ."

"ನಾನು? ಉಪವಾಸ? ಯಾವಾಗಮ್ಮಿ ಇದ್ದೆ ನಾನು ಉಪವಾಸ? ನಮ್ಮತ್ತೆ ಸತ್ತ ದಿನಾನೂ ಇರ್ಲಿಲ್ಲ! ಅವತ್ತು ಎರಡು ಮುದ್ದೆ ತಿಂದಿವ್ನಿ, ಅವರೆಕಾಳು ಸಾರು! ಕ್ಯಾರಿಯರ್ ಬಿಚ್ಚಿ ನಿಮ್ಗೆಲ್ಲ ಹಂಚಿಲ್ವೇನೇ? ತಿಂದೋರು ಬಾಯಿ ಬಿಡ್ರೇ!"

ಪಾಪಮ್ಮ ಕೈ ಎತ್ತಿದಳು. "ನಾನು ಎರಡ್ಸಲ ಹಾಕುಸ್ಕೊಂಡೆ." ಎಂಟು ಕೈ ಎದ್ದವು. ಒಬ್ಬಳು ಉಪ್ಪು ಕಮ್ಮಿಯಿತ್ತು ಅಂದಳು, ಅದರ ಮೇಲೆ ಒಂದು ಸಣ್ಣ ಜಗಳವಾಯಿತು. ಸರಿತಾ ಎಂಟು ಹೆಸರನ್ನೂ ಬರೆದುಕೊಂಡಳು. ಸೋಮವಾರ ಲೇಬರ್ ಆಫೀಸಿಗೆ ಹೋಗಿ ಕೇಳಿದಳು. ಆ ಕಾಗದ ಕಂಪನಿಯವರ ಉತ್ತರದ ಜೊತೆ ಮೊದಲನೇ ಹಾಳೆಯಾಗಿಯೇ ಬಂದಿದೆಯಂತೆ. ಎಂಟು ಜನರೂ ಬಂದು ತಿಂದದ್ದನ್ನು ಹೇಳುತ್ತಾರೆಂದು ಬರೆದುಕೊಟ್ಟು ಬಂದಿದ್ದಾಳೆ. ಸೈನು ಹಾಕಿದ್ದು ಸುಳ್ಳಿಗೆ ಎಂದು ನಾನೂ ಬರೆದುಕೊಟ್ಟಿದ್ದೇನೆ. ಬಲವಂತ ಎಂದು ಬರೆಯಲಿಲ್ಲ. ಟೀ ಕುಡಿಸಿದ್ದಕ್ಕೆ ಬಲವಂತ ಅನ್ನುವುದಿಲ್ಲ.

ನನ್ನನ್ನು ಕಾರ್ಯದರ್ಶಿ ಸ್ಥಾನದಿಂದ ಇಳಿಸಿದರು. ಇಪ್ಪತ್ತೆರಡು ಕೈ, ನನ್ನದೂ ಸೇರಿ. ಪಿಳ್ಳಮ್ಮ ಈ ಸಲವೂ ಎತ್ತಲಿಲ್ಲ. ಸಭೆ ಮುಗಿದ ಮೇಲೆ, "ಟೇಬಲ್ ಕೆಲ್ಸ ಬ್ಯಾಡ ಅಂತ ಹೇಳ್ಬುಟ್ಟು ಬತ್ತೀನಿ. ಸುಳ್ಳಿಂದ ಬಂದ ಕುರ್ಚಿ, ಕೂತ್ರೆ ಸೊಂಟ ನೋಯ್ತದೆ," ಅಂದಳು. ಬೇಡ ಅಂದೆ. ನನ್ನ ಜೊತೆ ಮಾತಾಡಿದ್ದು ಅಷ್ಟೇ. ಈಗ ದಾರಿಯಲ್ಲಿ ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಾಳೆ. ಅವರೆಕಾಯಿಯ ಮಾತು ಅವಳೂ ಎತ್ತಿಲ್ಲ, ನಾನೂ ಎತ್ತಿಲ್ಲ.

ಹೊಸ ಕಾರ್ಯದರ್ಶಿ ಸರಿತಾ. ಈ ಕಾಗದವನ್ನು ಅವಳ ಮುಂದೆ ಓದಿದ್ದೇನೆ, ನಿನ್ನ 8ನೇ ತಾರೀಕಿನದನ್ನೂ ಸಂಜೆ ಎಲ್ಲರನ್ನೂ ಸೇರಿಸಿ ಓದಿದೆ. ಚಾನೆಲ್ಲಿನ ಸೀಲು ಎಲ್ಲರ ಕೈಗೂ ಹೋಯಿತು. ನಿನ್ನನ್ನು ಏನು ಮಾಡಬೇಕೆಂದು ಚರ್ಚೆಯಾಯಿತು, ತೀರ್ಮಾನವಾಗಲಿಲ್ಲ. ಕೆಂಪಿಯನ್ನು ಉಳಿಸಿದವನು ಎಂದು ಅರ್ಧ ಜನ, ಕೆಡಿಸಿದವನು ಎಂದು ಅರ್ಧ ಜನ. ದೊಡ್ಡವೆಂಕಟಪ್ಪ ಮಾತ್ರ, "ನಾನ್ ಹೇಳ್ಲಿಲ್ವಾ, ಅದ್ರಲ್ಲಿ ಬಂದಿದ್ದು ಸುಳ್ಳಾಗಲ್ಲ ಅಂತ," ಎಂದು ಬೀಗುತ್ತಿದ್ದಾರೆ. ಕಂತು ಬರೆದದ್ದು ಮೊದಲು, ಇಲ್ಲಿ ನಡೆದದ್ದು ಆಮೇಲೆ ಎಂದು ಎಷ್ಟು ಬಿಡಿಸಿ ಹೇಳಿದರೂ ಅವರ ತಲೆಗೆ ಹೋಗಲಿಲ್ಲ. ನಿಜ ಹೇಳಬೇಕೆಂದರೆ ನನ್ನ ತಲೆಗೂ ಪೂರ್ತಿ ಹೋಗಿಲ್ಲ. ಪಾಪಮ್ಮ ಇನ್ನೂ ಮೇಕೆಯ ಕೈ ಹುಡುಕುತ್ತಿದ್ದಾಳೆ.

ರಾಮು ಫೋನು ಎತ್ತುತ್ತಿಲ್ಲ. ಸರಿತಾ ಹೋಗಿ ಬಾಗಿಲು ತಟ್ಟಿದಳು. ಅವನ ಹೆಂಡತಿ, "ಇಲ್ಲ ಅಂತ ಹೇಳು ಅಂದವ್ರೆ," ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ ಕಳಿಸಿದಳಂತೆ. ಅವನನ್ನು ಸಭೆಗೆ ಕರೆಯುವ ಮುಖ ನಮಗಿಲ್ಲ. ಅದಕ್ಕೇ ಸಭೆಯನ್ನೇ ಅಲ್ಲಿಗೆ ಒಯ್ಯುತ್ತಿದ್ದೇವೆ, ಇಪ್ಪತ್ತಮೂರು ಜನ, ಬಸ್ಸಿನಲ್ಲಿ, ಕೆಂಪು ಬಟ್ಟೆ ತೆಗೆದುಕೊಂಡು. ಬಾಗಿಲು ತೆಗೆದರೆ ಒಳಗೆ ಕೂರುತ್ತೇವೆ, ತೆಗೆಯದಿದ್ದರೆ ಬೀದಿಯಲ್ಲೇ. ಹನ್ನೊಂದಕ್ಕೆ ನಿನ್ನ ಮುಂದಿನ ಕಂತು ಬರುವ ಹೊತ್ತು. ಅವನು ಟೀವಿ ಹಾಕಿದರೆ ನೋಡುತ್ತೇವೆ. ಅದಕ್ಕೂ ಒಂದು ಗಂಟೆ ಮುಂಚೆ ನಾನು ಅವನ ಮುಂದೆ ನಿಂತು ಹೇಳಬೇಕಾದ್ದಿದೆ. ನೀನೂ ಬರಬೇಕೆಂದು ಸಂಘದ ತೀರ್ಮಾನ. ಬರೆದವರು ಬಾಯಿಬಿಟ್ಟು ಹೇಳುವುದನ್ನೂ ಕಲಿಯಲಿ ಅಂದಳು ಸರಿತಾ.

ಈ ಲಕೋಟೆಯಲ್ಲಿ ಬೇರೆ ಚೀಟಿ ಇಲ್ಲ.

ಶಶಿಕಲಾ
ಸದಸ್ಯೆ

ಸಭೆ: ಅವಲಪಲ್ಲಿ, ರಾಮು ಮನೆಯ ಮುಂದಿನ ಬಾಗಿಲು. ಮಾರ್ಚಿ 16, ಭಾನುವಾರ, ಬೆಳಗ್ಗೆ ಹತ್ತು ಗಂಟೆ.